ಐವತ್ತು ಸೈಜಿನ ಕ್ರ್ಯಾಂಕ್: ಅಂಕೋಲೆಯ ಒಂದು ಎಚ್‌ಎಂಟಿ ಟ್ರ್ಯಾಕ್ಟರಿನ ಚರಿತ್ರೆ

(ಇಂಜಿನ್ ಸದ್ದು)

ಈಗ ನೀವು ಕೇಳಿದ್ದು ಕಳೆದ ವರ್ಷ ಮಳೆಗಾಲಕ್ಕೆ ಮೊದಲು ನನ್ನ ಫೋನಲ್ಲಿ ರೆಕಾರ್ಡ್ ಮಾಡಿದ ಸದ್ದು. ಜಾಗ ಅಂಕೋಲಾ ತಾಲೂಕಿನ ಅವರ್ಸಾ ಹತ್ತಿರ, ನಮ್ಮನೆ ಕೊಟ್ಟಿಗೆ. ಯಂತ್ರ ಎಚ್‌ಎಂಟಿ ಝೆಟರ್ 2511, ಇಪ್ಪತ್ತೈದು ಹಾರ್ಸ್‌ಪವರಿನ ಟ್ರ್ಯಾಕ್ಟರ್. ಇಯರ್‌ಫೋನ್ ಹಾಕಿಕೊಂಡು ಕೇಳಿದರೆ ಗೊತ್ತಾಗತ್ತೆ, ಮಾಮೂಲಿ ಟಕಟಕ ಸದ್ದಿನ ಕೆಳಗೆ ಇನ್ನೊಂದು ದಪ್ಪ ಬಡಿತ ಇದೆ. ಯಾರೋ ಒಳಗಿಂದ ಸುತ್ತಿಗೆಯಲ್ಲಿ ಬಾಗಿಲು ತಟ್ಟಿದ ಹಾಗೆ. ಹೊಗೆಯ ಬಣ್ಣ ನೀಲಿ. ಆಯಿಲ್ ಪ್ರೆಶರಿನ ಮುಳ್ಳು ಬಿಸಿಯಾದ ಮೇಲೆ ಏಳೋದೇ ಇಲ್ಲ.

ಅಪ್ಪ ಒಂದು ನಿಮಿಷ ಕೇಳಿಸಿಕೊಂಡು, ಇಂಜಿನ್ ಬಂದ್ ಮಾಡಿ, "ಗುಜರಿಯವನಿಗೆ ಫೋನ್ ಮಾಡು" ಅಂದರು.

ಗುಜರಿಯವನು ಬಂದ. ನಲವತ್ತೆಂಟು ಸಾವಿರ ಅಂದ. ನಾನು ಬಿಕಾಂ ಓದಿದವನು, ಲೆಕ್ಕದ ಪುಸ್ತಕದ ಪ್ರಕಾರ ಈ ಟ್ರ್ಯಾಕ್ಟರಿನ ಬೆಲೆ ನಾನು ಹುಟ್ಟೋಕೆ ಮೊದಲೇ ಹೆಚ್ಚುಕಡಿಮೆ ಸೊನ್ನೆ. ಸೊನ್ನೆಗೆ ನಲವತ್ತೆಂಟು ಸಾವಿರ ಬರ್ತದೆ ಅಂದ್ರೆ ಒಳ್ಳೆ ವ್ಯಾಪಾರ. ಆದರೂ ಅಪ್ಪನ ಹತ್ತಿರ ನಾನು ಒಂದು ತಿಂಗಳು ಟೈಮ್ ಕೇಳಿದೆ. ಆ ತಿಂಗಳು ಮೂರು ತಿಂಗಳಾಯ್ತು. ಈ ಸಂಚಿಕೆ ಆ ಮೂರು ತಿಂಗಳಲ್ಲಿ ಹುಟ್ಟಿದ್ದು.

ಎಚ್‌ಎಂಟಿ ಅಂದ ಕೂಡಲೇ ನಮ್ಮ ವಯಸ್ಸಿನವರಿಗೆ ನೆನಪಾಗೋದು ವಾಚು. ಜನತಾ, ಪೈಲಟ್, ಕಾಂಚನ್. ಇನ್‌ಸ್ಟಾಗ್ರಾಮಲ್ಲಿ ಹಳೇ ಎಚ್‌ಎಂಟಿ ವಾಚಿಗೆ ಬೇರೆಯೇ ಒಂದು ಭಕ್ತವೃಂದ ಇದೆ. ಟ್ರ್ಯಾಕ್ಟರಿಗೆ ಅಂಥ ಭಕ್ತರು ಕಮ್ಮಿ, ಕೈಗೆ ಕಟ್ಟಿಕೊಂಡು ಮದುವೆಗೆ ಹೋಗೋಕಾಗಲ್ಲ ನೋಡಿ. ಆದರೆ ಎಚ್‌ಎಂಟಿ ಹುಟ್ಟಿದ್ದು ವಾಚು ಮಾಡೋಕಲ್ಲ, ಟ್ರ್ಯಾಕ್ಟರ್ ಮಾಡೋಕೂ ಅಲ್ಲ. ಹೆಸರಲ್ಲೇ ಇದೆ: ಹಿಂದುಸ್ತಾನ್ ಮಷಿನ್ ಟೂಲ್ಸ್. 1953ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ, ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಸಹಾಯದಿಂದ ಶುರುವಾದ ಸರ್ಕಾರಿ ಕಂಪನಿ. ಕೆಲಸ ಏನು? ಯಂತ್ರ ಮಾಡುವ ಯಂತ್ರಗಳನ್ನ ಮಾಡೋದು. ಲೇಥು, ಗ್ರೈಂಡಿಂಗ್ ಮಷಿನ್ನು, ಮಿಲ್ಲಿಂಗ್ ಮಷಿನ್ನು. ಅಂದ್ರೆ ಕಬ್ಬಿಣವನ್ನ ಮಿಲಿಮೀಟರಿನ ನೂರನೇ ಭಾಗದ ಲೆಕ್ಕದಲ್ಲಿ ಕೊರೆಯುವ ವಿದ್ಯೆ. ಈ ನೂರನೇ ಭಾಗ ಅನ್ನೋದನ್ನ ಸ್ವಲ್ಪ ನೆನಪಲ್ಲಿ ಇಟ್ಕೊಳ್ಳಿ, ಕಥೆಯ ಕೊನೆಯ ತನಕ ಬೇಕು.

ಮಷಿನ್ ಟೂಲ್ ಕಂಪನಿ ಟ್ರ್ಯಾಕ್ಟರಿಗೆ ಯಾಕೆ ಕೈ ಹಾಕ್ತು? ಕಾಮರ್ಸ್ ಓದಿದವರಿಗೆ 'ಪ್ಲಾನ್ ಹಾಲಿಡೇ' ಅನ್ನೋ ಎರಡು ಮಾರ್ಕಿನ ಪ್ರಶ್ನೆ ನೆನಪಿರಬಹುದು. 1965ರ ಯುದ್ಧ, ಅದರ ಹಿಂದೆಯೇ ಬರಗಾಲ, 1966ರಿಂದ 69ರ ತನಕ ಪಂಚವಾರ್ಷಿಕ ಯೋಜನೆಗೇ ರಜೆ. ದೇಶದಲ್ಲಿ ಹೊಸ ಫ್ಯಾಕ್ಟರಿ ಏಳದಿದ್ರೆ ಫ್ಯಾಕ್ಟರಿಗೆ ಬೇಕಾದ ಲೇಥನ್ನ ಯಾರು ಕೊಳ್ತಾರೆ? ಆರ್ಡರು ಬಿದ್ದುಹೋಯ್ತು. ಎಚ್‌ಎಂಟಿ ಬೇರೆ ಬೇರೆ ಮಾಲು ಮಾಡೋಕೆ ಹೊರಟಿತು. ಅದೇ ಹೊತ್ತಿಗೆ ಹಸಿರು ಕ್ರಾಂತಿ, ಪಂಜಾಬ್ ಹರಿಯಾಣದಲ್ಲಿ ಟ್ರ್ಯಾಕ್ಟರಿಗೆ ಬುಕ್ ಮಾಡಿ ಕಾಯುವ ಕಾಲ. 1971ರಲ್ಲಿ ಹರಿಯಾಣದ ಪಿಂಜೋರಿನ ಎಚ್‌ಎಂಟಿ ಕಾರ್ಖಾನೆಯಲ್ಲಿ ಟ್ರ್ಯಾಕ್ಟರ್ ಶುರುವಾಯ್ತು.

ನಕ್ಷೆ ಬಂದದ್ದು ಜೆಕೊಸ್ಲೊವಾಕಿಯಾದಿಂದ, ಮೋಟೊಕೋವ್ ಅನ್ನೋ ಅಲ್ಲಿನ ಸರ್ಕಾರಿ ರಫ್ತು ಸಂಸ್ಥೆಯ ಮೂಲಕ. ಆಗ ಪೂರ್ವ ಯುರೋಪಿನ ದೇಶಗಳ ಜೊತೆ ನಮಗೆ ರೂಪಾಯಿ ವ್ಯಾಪಾರ ಇತ್ತು. ಡಾಲರ್ ಇಲ್ಲದ ದೇಶಕ್ಕೆ ಅದು ದೊಡ್ಡ ಅನುಕೂಲ. ಝೆಟರ್ ಹುಟ್ಟಿದ್ದು ಬ್ರನೋ ಅನ್ನೋ ಊರಿನ ಬಂದೂಕು ಕಾರ್ಖಾನೆಯಲ್ಲಿ. ನಮ್ಮ ಸೈನ್ಯ ದಶಕಗಟ್ಟಲೆ ಬಳಸಿದ ಬ್ರೆನ್ ಗನ್ ಇದೆಯಲ್ಲ, ಆ ಹೆಸರಿನ ಮೊದಲ ಎರಡು ಅಕ್ಷರ 'ಬಿ ಆರ್' ಅದೇ ಬ್ರನೋದ್ದು, ಉಳಿದ ಎರಡು ಇಂಗ್ಲೆಂಡಿನ ಎನ್‌ಫೀಲ್ಡಿನದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಆ ಕಾರ್ಖಾನೆ ಟ್ರ್ಯಾಕ್ಟರ್ ಮಾಡೋಕೆ ಕೂತಿತು. ಮೊದಲ ಝೆಟರ್ ಹೊರಬಂದದ್ದು 1946ರ ಮಾರ್ಚಿನಲ್ಲಿ.

ಈ ಝೆಟರಿನವರು ಮಾಡಿದ ಒಂದು ಬುದ್ಧಿವಂತ ಕೆಲಸ ಹೇಳಲೇಬೇಕು. ಎರಡು ಸಿಲಿಂಡರ್, ಮೂರು ಸಿಲಿಂಡರ್, ನಾಲ್ಕು ಸಿಲಿಂಡರ್ ಟ್ರ್ಯಾಕ್ಟರುಗಳನ್ನ ಒಂದೇ ಕುಟುಂಬದ ಹಾಗೆ ವಿನ್ಯಾಸ ಮಾಡಿದರು. ಬೋರು 95 ಮಿಲಿಮೀಟರ್, ಸ್ಟ್ರೋಕು 110. ಮೂರು ಸಿಲಿಂಡರಿನ ಅಣ್ಣನಿಗೆ ಹೋಗುವ ಪಿಸ್ಟನ್, ಲೈನರು ಎರಡು ಸಿಲಿಂಡರಿನ ತಮ್ಮನಿಗೂ ಆಗ್ತದೆ. ಇನ್ನೊಂದು, ಇದು ವೆಟ್ ಲೈನರ್ ಇಂಜಿನ್. ಪಿಸ್ಟನ್ ಓಡಾಡುವ ಕೊಳವೆ ಬ್ಲಾಕಿನಲ್ಲೇ ಕೊರೆದದ್ದಲ್ಲ, ಬೇರೆಯಾಗಿ ಕೂರಿಸಿದ್ದು. ಅದರ ಹೊರಮೈಗೆ ನೇರವಾಗಿ ರೇಡಿಯೇಟರಿನ ನೀರು ತಾಗುತ್ತದೆ. ಸವೆದರೆ ಕೊಳವೆ ತೆಗೆದು ಹೊಸದು ಹಾಕು, ಬ್ಲಾಕು ಹಾಗೇ ಇರ್ತದೆ. ಇವತ್ತಲ್ಲ ನಾಳೆ ಯಾವುದೋ ಹಳ್ಳಿಯಲ್ಲಿ ಯಾರೋ ಇದನ್ನ ಬಿಚ್ಚುತ್ತಾರೆ ಅಂತ ಗೊತ್ತಿದ್ದೇ ಮಾಡಿದ ಇಂಜಿನ್ ಇದು. ಬ್ಯಾಟರಿ ಬದಲಾಯಿಸೋಕೂ ಬಿಡದ ಫೋನ್ ಕೈಯಲ್ಲಿ ಹಿಡಿದುಕೊಂಡು ನಾನು ಈ ಮಾತು ಹೇಳ್ತಾ ಇದ್ದೇನೆ.

ಈಗ ಇದು ನಮ್ಮೂರಿಗೆ ಹೇಗೆ ಬಂತು ಅನ್ನೋದು. ನಿಜ ಹೇಳಬೇಕಂದ್ರೆ ಕಾರವಾರ, ಅಂಕೋಲಾ ಟ್ರ್ಯಾಕ್ಟರಿನ ಸೀಮೆಯೇ ಅಲ್ಲ. ಒಂದು ಕಡೆ ಘಟ್ಟ, ಇನ್ನೊಂದು ಕಡೆ ಸಮುದ್ರ, ಮಧ್ಯೆ ಅಂಗೈಯಗಲದ ಗದ್ದೆ. ಅಂಕೋಲೆಯ ದಿನಕರ ದೇಸಾಯಿಯವರು ಗೇಣಿದಾರರನ್ನ ಕಟ್ಟಿಕೊಂಡು ಹೋರಾಡಿದ ನೆಲ ಇದು. 1974ರ ಭೂಸುಧಾರಣೆಯಲ್ಲಿ ಉಳುವವರಿಗೆ ಗದ್ದೆ ಬಂತು. ಆದರೆ ಎಕರೆ ಎರಡು ಎಕರೆ ಗದ್ದೆಗೆ ಯಾರು ಟ್ರ್ಯಾಕ್ಟರ್ ತರ್ತಾರೆ? ಎತ್ತು ಇತ್ತು. ಎತ್ತು ಹೋದ ಕಡೆ ಟಿಲ್ಲರ್ ಬಂತು. ಜಪಾನಿನ ಮಿತ್ಸುಬಿಷಿ ಜೊತೆ ಸೇರಿ ಬೆಂಗಳೂರಿನಲ್ಲಿ 1967ರಲ್ಲಿ ಹುಟ್ಟಿದ ವಿಎಸ್‌ಟಿ ಕಂಪನಿಯ ಟಿಲ್ಲರು ನಮ್ಮ ಕಡೆ ಸಿಕ್ಕಷ್ಟು ಟ್ರ್ಯಾಕ್ಟರ್ ಸಿಗಲ್ಲ.

ಅಜ್ಜ 1981ರಲ್ಲಿ ಧಾರವಾಡದ ಕಡೆಯಿಂದ ಸೆಕೆಂಡ್ ಹ್ಯಾಂಡ್ ಟ್ರ್ಯಾಕ್ಟರ್ ತಂದದ್ದು ಉಳೋಕಲ್ಲ, ಟ್ರೇಲರ್ ಎಳೆಯೋಕೆ. ಚಿರೆಕಲ್ಲು, ಮಣ್ಣು, ಗೊಬ್ಬರ, ಗಣಪತಿ ಮೂರ್ತಿ, ಮದುವೆ ಪಾತ್ರೆ, ಎಲ್ಲ ಬಾಡಿಗೆ. ಆಮೇಲೆ ಸೀಬರ್ಡ್ ಬಂತು. 1986ರ ಅಕ್ಟೋಬರ್ 24ಕ್ಕೆ ರಾಜೀವ್ ಗಾಂಧಿ ನೌಕಾನೆಲೆಗೆ ಅಡಿಗಲ್ಲು ಹಾಕಿದರು. ಐಎನ್‌ಎಸ್ ಕದಂಬ ಅಂತ ಅದು ಕೆಲಸ ಶುರುಮಾಡಿದ್ದು 2005ರ ಮೇ 31ಕ್ಕೆ. ಈ ಎರಡು ತಾರೀಖಿನ ನಡುವೆ ಅರಗಾ, ಬಿಣಗಾ ಕಡೆಯಿಂದ ಹಿಡಿದು ನಮ್ಮ ಅಂಕೋಲಾ ಬದಿಯ ತನಕ ಸಾವಿರಾರು ಮನೆಗಳು ಎದ್ದವು. ಎದ್ದವು ಅಂದ್ರೆ ಕಟ್ಟಿದ್ದಲ್ಲ, ಖಾಲಿಯಾದದ್ದು. ಪರಿಹಾರದ ಕೇಸುಗಳು ಎಷ್ಟೋ ವರ್ಷ ಕೋರ್ಟಿನಲ್ಲಿ ನಡೆದವು. ಆ ದಿನಗಳಲ್ಲಿ ನಮ್ಮ ಟ್ರೇಲರಿಗೆ ಬಿಡುವಿರಲಿಲ್ಲ. ಹಂಚು, ಬಾಗಿಲ ಚೌಕಟ್ಟು, ತೊಲೆ, ತುಳಸಿಕಟ್ಟೆಯ ಕಲ್ಲು. ತೆಗೆದುಕೊಂಡು ಹೋಗೋಕಾಗುವ ಎಲ್ಲವನ್ನೂ ಜನ ತೆಗೆದುಕೊಂಡು ಹೋದರು. ಅಜ್ಜ ಕೆಲವರ ಹತ್ತಿರ ಡೀಸೆಲ್ ದುಡ್ಡು ಮಾತ್ರ ತಗೊಂಡ್ರಂತೆ, ಕೆಲವರ ಹತ್ತಿರ ಅದೂ ಇಲ್ಲ. ಅಪ್ಪ ಇದನ್ನ ಸ್ವಲ್ಪ ಸಿಟ್ಟಲ್ಲೇ ಹೇಳ್ತಾರೆ. ಓವರ್‌ಲೋಡ್ ಹಾಕಿ ಹಾಕಿ ಇಂಜಿನ್ ಮೊದಲನೇ ಸಲ ಕೂತದ್ದು ಆಗಲೇ.

ಸರಿ, ಇಂಜಿನ್ ಕೆಲಸ. ನಾನು ಹಿಡಿದದ್ದು ಕಾರವಾರದ ಒಬ್ಬ ಹಿರಿಯ ಮೇಸ್ತ್ರಿಯನ್ನ. ಅವರ ಜೀವನ ಎಲ್ಲ ಬೈತಖೋಲ ಬಂದರಿನಲ್ಲಿ ಟ್ರಾಲರ್ ಬೋಟುಗಳ ಇಂಜಿನ್ ಕೆಲಸದಲ್ಲಿ ಹೋಗಿದೆ. ಟ್ರ್ಯಾಕ್ಟರಿನವರನ್ನ ಬಿಟ್ಟು ಬೋಟಿನವರನ್ನ ಯಾಕೆ ಹಿಡಿದೆ ಅಂದ್ರೆ, ಟ್ರ್ಯಾಕ್ಟರ್ ಗದ್ದೆಯಲ್ಲಿ ಕೆಟ್ಟರೆ ನಡೆದುಕೊಂಡು ಮನೆಗೆ ಬರಬಹುದು, ಬೋಟಿನಲ್ಲಿ ಆಗಲ್ಲ. ಅವರ ಕೆಲಸದಲ್ಲಿ ಆ ಹೆದರಿಕೆ ಇದೆ.

ಮೊದಲ ದಿನ ನಾನು ಸ್ಪ್ಯಾನರ್ ಹಿಡಿದು ನಿಂತಿದ್ದೆ. ಅವರು ಇಂಜಿನ್ ಮುಟ್ಟಲೇ ಇಲ್ಲ. "ಎಂತ ಅವಸರ ತಮಾ? ಮೊದಲು ಪಟ್ಟಿ ತಾ" ಅಂದ್ರು. ನೋಟ್‌ಬುಕ್. ಎಷ್ಟು ಆಯಿಲ್ ಕುಡೀತಿತ್ತು, ನೀರು ಕಮ್ಮಿ ಆಗ್ತಿತ್ತಾ, ಸ್ಟಾರ್ಟ್ ಆಗೋಕೆ ಎಷ್ಟು ಹೊತ್ತು, ಹಿಂದೆ ಯಾವಾಗ ಬಿಚ್ಚಿದ್ದು, ಎಲ್ಲ ಬರೆಸಿದರು. ಆಮೇಲೆ ಬಿಚ್ಚುವಾಗ ಒಂದೊಂದಕ್ಕೂ ಗುರುತು. ಬೇರಿಂಗಿನ ಕ್ಯಾಪು ಯಾವ ಸಿಲಿಂಡರಿನದು, ಯಾವ ಕಡೆ ಮುಖ, ಪುಷ್‌ರಾಡ್ ಯಾವ ವಾಲ್ವಿನದು. ಕನೆಕ್ಟಿಂಗ್ ರಾಡಿನ ಕ್ಯಾಪು ಅದರ ರಾಡಿನ ಜೊತೆಯೇ ಕೊರೆದದ್ದು, ಅದಲುಬದಲಾದರೆ ಆ ರಂಧ್ರ ಮತ್ತೆ ಗುಂಡಗೆ ಬರಲ್ಲ. "ಗಂಡ ಹೆಂಡ್ತಿ ಇದ್ದ ಹಾಗೆ" ಅಂದರು, ಆಮೇಲೆ ನಕ್ಕು, "ಅದಕ್ಕಿಂತ ಜಾಸ್ತಿ."

ಹೆಡ್ ಎತ್ತಿ ಲೈನರ್ ಹೊರಗೆ ತೆಗೆದಾಗ ಹೊಟ್ಟೆ ತೊಳಸಿದಂತಾಯ್ತು. ನೀರು ತಾಗುವ ಹೊರಮೈ ತುಂಬ ತೂತು, ಹುಳ ತಿಂದ ಮರದ ಹಾಗೆ. ಬ್ಲಾಕಿನೊಳಗೆ ಬೆರಳುದ್ದ ತುಕ್ಕಿನ ಕೆಸರು. ಕಾರಣ ಸರಳ. ನಮ್ಮ ಕಡೆ ಬೇಸಿಗೆಯಲ್ಲಿ ಬಾವಿ ನೀರಿಗೆ ಉಪ್ಪು ಹತ್ತುತ್ತದೆ. ಆ ನೀರನ್ನೇ ನಲವತ್ತು ವರ್ಷ ರೇಡಿಯೇಟರಿಗೆ ಹೊಯ್ದಿದ್ದೇವೆ. ಕೂಲೆಂಟ್ ಅನ್ನೋ ಪದ ನಮ್ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಲೈನರ್ ಹೊಸದು ತರಬಹುದು. ಬ್ಲಾಕಿನಲ್ಲಿ ಲೈನರಿನ ರಬ್ಬರ್ ರಿಂಗ್ ಕೂರುವ ಜಾಗವೂ ತಿಂದು ಹೋಗಿದ್ರೆ ಕಥೆ ಅಲ್ಲಿಗೇ ಮುಗೀತಿತ್ತು. ಮೇಸ್ತ್ರಿ ಟಾರ್ಚ್ ಹಿಡಿದು ಉಗುರಿನಿಂದ ಸವರಿ ಸವರಿ ಸುತ್ತಲೂ ನೋಡಿದರು. ಅಲ್ಲಲ್ಲಿ ಕಚ್ಚಿದೆ, ಆದರೆ ಆಗ್ತದೆ ಅಂದರು.

ನಂತರ ಕ್ರ್ಯಾಂಕ್ ಶಾಫ್ಟ್. ನನಗೆ ಇಡೀ ಚರಿತ್ರೆ ಕಾಣಿಸಿದ್ದು ಇಲ್ಲಿ.

ಕ್ರ್ಯಾಂಕ್ ಕಾರ್ಖಾನೆಯಿಂದ ಬರುವಾಗ ಸ್ಟ್ಯಾಂಡರ್ಡ್ ಸೈಜು. ಬೇರಿಂಗ್ ತಿರುಗುವ ಜಾಗ ಸವೆದು ಗೀರು ಬಿದ್ದರೆ ಅದನ್ನ ಗ್ರೈಂಡ್ ಮಾಡಿ 0.25 ಮಿಲಿಮೀಟರ್ ಸಣ್ಣ ಮಾಡ್ತಾರೆ, ಅದಕ್ಕೆ ತಕ್ಕ ಹಾಗೆ ದಪ್ಪ ಜಾಸ್ತಿ ಇರುವ ಬೇರಿಂಗ್ ಹಾಕ್ತಾರೆ. ಮತ್ತೆ ಹೋದರೆ 0.50. ಮತ್ತೆ 0.75. ಹೀಗೆ ಕೆಲವೇ ಮೆಟ್ಟಿಲು, ಆಮೇಲೆ ಬೇರಿಂಗ್ ಸಿಗಲ್ಲ, ಕ್ರ್ಯಾಂಕಿಗೂ ಶಕ್ತಿ ಇರಲ್ಲ. ಲೈನರ್, ಪಿಸ್ಟನ್, ರಿಂಗು ಎಲ್ಲ ಮತ್ತೆ ಹೊಸದಾಗಬಹುದು. ಕ್ರ್ಯಾಂಕು ಮಾತ್ರ ಬ್ಯಾಂಕಿನಲ್ಲಿಟ್ಟ ಗಂಟು, ತೆಗೆದದ್ದು ವಾಪಸ್ ಬರಲ್ಲ. ನಮ್ಮ ಕ್ರ್ಯಾಂಕಿನ ಮೈಮೇಲೆ ಪಂಚ್ ಹೊಡೆದಿತ್ತು: 50.

ಅಂದ್ರೆ ಎರಡು ಸಲ ತೆಗೆದಾಗಿದೆ. ಮೊದಲ ಇಪ್ಪತ್ತೈದು ಸೀಬರ್ಡಿನ ಹೊರೆಯದು, ಅಪ್ಪನಿಗೆ ನೆನಪಿದೆ. ಅದರ ಬಗ್ಗೆ ನನಗೆ ಬೇಜಾರಿಲ್ಲ. ಎರಡನೆಯದು ಹದಿನೈದು ವರ್ಷದ ಹಿಂದಿನದು, ಅದಕ್ಕೆ ಮಾತ್ರ ಹೊಟ್ಟೆ ಉರೀತದೆ. ಆಗ ಒಂದು ಗ್ಯಾರೇಜಿನಲ್ಲಿ ಎರಡೇ ದಿನದಲ್ಲಿ ಇಂಜಿನ್ ಕೆಲಸ ಮುಗಿಸಿ ಕೊಟ್ಟಿದ್ದರು. ಎಲ್ಲರೂ ಖುಷಿಪಟ್ಟಿದ್ದೆವು. ಹೊಸ ಲೈನರ್ ಬ್ಲಾಕಿನ ಮೇಲ್ಮೈಗಿಂತ ಒಂದು ಕೂದಲೆಳೆಯಷ್ಟು ಎದ್ದು ನಿಂತಿರಬೇಕು, ಎರಡೂ ಸಮನಾಗಿ. ಹಾಗಿದ್ದರೇ ಹೆಡ್ ಗ್ಯಾಸ್ಕೆಟ್ ಅದನ್ನ ಬಿಗಿಯಾಗಿ ಒತ್ತೋದು. ಅವರು ಅಳೆಯಲಿಲ್ಲ. ಒಂದು ಲೈನರ್ ತಗ್ಗಿತ್ತು. ಒಂದೇ ಮಳೆಗಾಲದಲ್ಲಿ ಗ್ಯಾಸ್ಕೆಟ್ ಹೋಗಿ ನೀರು ಆಯಿಲಿಗೆ ಇಳಿದು, ಆಯಿಲ್ ಹಾಲಿನ ಚಹಾದ ಬಣ್ಣಕ್ಕೆ ತಿರುಗಿ, ಬೇರಿಂಗ್ ಸುಟ್ಟು, ಕ್ರ್ಯಾಂಕ್ ಐವತ್ತು ಸೈಜಿಗೆ ಬಂತು. ಅರ್ಧ ಗಂಟೆಯ ಅಳತೆ ಉಳಿಸೋಕೆ ಹೋಗಿ ಒಂದು ಮೆಟ್ಟಿಲು ಹೋಯ್ತು.

ಈಗ ಮೂರನೇ ಮೆಟ್ಟಿಲು. ಮೇಸ್ತ್ರಿ ಮೈಕ್ರೋಮೀಟರ್ ಹಿಡಿದು ಒಂದೊಂದು ಜರ್ನಲನ್ನೂ ನಾಲ್ಕು ಕಡೆ ಅಳೆದರು, ನಾನು ಬರೆದುಕೊಂಡೆ. ಸವೆತ ಸಮನಾಗಿ ಇರಲ್ಲ, ಗುಂಡಗಿದ್ದದ್ದು ಮೊಟ್ಟೆಯಾಕಾರಕ್ಕೆ ಬಂದಿರ್ತದೆ. 0.75ಕ್ಕೆ ಗ್ರೈಂಡ್ ಮಾಡಲೇಬೇಕಿತ್ತು.

ಕ್ರ್ಯಾಂಕನ್ನ ಗೋಣಿಯಲ್ಲಿ ಸುತ್ತಿ ಹುಬ್ಬಳ್ಳಿಗೆ ಹೊರಟೆವು, ಅರಬೈಲ್ ಘಟ್ಟ ಹತ್ತಿ ಯಲ್ಲಾಪುರದ ಮೇಲೆ. ದಾರಿಯಲ್ಲಿ ಮ್ಯಾಪ್ ನೋಡ್ತಾ ಒಂದು ವಿಷಯ ಕಂಡಿತು. ಅಂಕೋಲೆಯಿಂದ ಹೊರಡುವ ಈ ಹೆದ್ದಾರಿ 52ರ ಇನ್ನೊಂದು ತುದಿ ಇರೋದು ಪಂಜಾಬಿನ ಸಂಗ್ರೂರಿನಲ್ಲಿ. ನಮ್ಮ ಟ್ರ್ಯಾಕ್ಟರ್ ಹುಟ್ಟಿದ ಪಿಂಜೋರು ಅಲ್ಲಿಂದ ಅರ್ಧ ದಿನದ ದಾರಿಯೂ ಅಲ್ಲ. ಗ್ರೈಂಡಿಂಗ್ ಶಾಪಿನಲ್ಲಿ ಮೂಲೆಯಲ್ಲಿದ್ದ ಲೇಥಿನ ಮೇಲೆ ಎಚ್‌ಎಂಟಿ ಅಂತ ಎರಕದ ಅಕ್ಷರ. ಟ್ರ್ಯಾಕ್ಟರ್ ಮಾಡುವ ವಿಭಾಗವನ್ನ ಮುಚ್ಚೋಕೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟದ್ದು 2016ರ ಅಕ್ಟೋಬರಿನಲ್ಲಿ. ವಾಚಿನ ಕಂಪನಿಗೆ ಅದೇ ವರ್ಷ ಜನವರಿಯಲ್ಲೇ ಬೀಗ ಹಾಕುವ ತೀರ್ಮಾನ ಆಗಿತ್ತು. ನಷ್ಟದ ಲೆಕ್ಕ ನಾನೂ ನೋಡಿದ್ದೇನೆ, ಮುಚ್ಚಬಾರದಿತ್ತು ಅಂತ ಸುಮ್ಮನೆ ಭಾವುಕನಾಗಿ ಹೇಳಲ್ಲ. ಆದರೆ ಆ ಮೂಲೆಯ ಲೇಥು ಇನ್ನೂ ನೂರನೇ ಭಾಗದ ಲೆಕ್ಕದಲ್ಲೇ ಕೆಲಸ ಮಾಡ್ತಿತ್ತು.

ಮೇಸ್ತ್ರಿ ಗ್ರೈಂಡಿಂಗಿನವರಿಗೆ ಒಂದೇ ಮಾತನ್ನ ಮೂರು ಸಲ ಹೇಳಿದರು: ಮೂಲೆಯ ಗುಂಡು ಬಿಡಬೇಡಿ. ಜರ್ನಲ್ ಮುಗಿದು ಗೋಡೆ ಏಳುವ ಮೂಲೆಯಲ್ಲಿ ಸಣ್ಣ ದುಂಡಗಿನ ತಿರುವು ಇರ್ತದೆ. ಅವಸರದಲ್ಲಿ ಅದನ್ನ ಚೂಪು ಮಾಡಿಬಿಟ್ಟರೆ ಅಳತೆ ಎಷ್ಟೇ ಸರಿ ಇದ್ರೂ ಬಿರುಕು ಶುರುವಾಗೋದು ಅಲ್ಲಿಂದಲೇ. ಒಂದು ದಿನ ಕ್ರ್ಯಾಂಕ್ ಎರಡು ತುಂಡು. ವಾಪಸ್ ಬಂದ ಮೇಲೆ ಆಯಿಲ್ ಹೋಗುವ ರಂಧ್ರಗಳಿಗೆ ತಂತಿ ಹಾಕಿ, ಡೀಸೆಲ್ ಬಿಟ್ಟು, ಗಾಳಿ ಹೊಡೆದು ತೊಳೆಯೋದಕ್ಕೇ ಒಂದು ಮಧ್ಯಾಹ್ನ ಹೋಯ್ತು. ಗ್ರೈಂಡಿಂಗಿನ ಒಂದು ಚಿಟಿಕೆ ಪುಡಿ ಒಳಗೆ ಉಳಿದರೆ ಹೊಸ ಬೇರಿಂಗಿಗೆ ಅದೇ ಮರಳು ಕಾಗದ.

ಪಿಸ್ಟನ್, ಲೈನರು ಉತ್ತರದಿಂದ ಕೊರಿಯರಿನಲ್ಲಿ ಬಂದವು. ಡಬ್ಬಿಯ ಮೇಲೆ ಬರೆದ ಸೈಜನ್ನ ಮೇಸ್ತ್ರಿ ನಂಬಲಿಲ್ಲ, ಎಲ್ಲ ಮತ್ತೆ ಅಳೆದರು. ಒಂದು ರಿಂಗನ್ನ ಲೈನರಿನೊಳಗೆ ಇಟ್ಟು, ಪಿಸ್ಟನ್ನಿನಿಂದ ನೇರ ಮಾಡಿ, ಅದರ ಬಾಯಿಯ ಸಂದಿಗೆ ಫೀಲರ್ ಗೇಜ್ ಹಾಕಿ ನೋಡಿದರು. 95ರ ಬೋರಿಗೆ ಒಂದು ಮಿಲಿಮೀಟರಿನ ಮೂರನೇ ಒಂದು ಭಾಗದ ಆಸುಪಾಸು ಬೇಕು. ಕಮ್ಮಿ ಇದ್ರೆ ಬಿಸಿಗೆ ಹಿಗ್ಗಿ ರಿಂಗು ಮುರೀತದೆ, ಜಾಸ್ತಿ ಇದ್ರೆ ಗಾಳಿ ಸೋರ್ತದೆ. ಒಂದು ಸೆಟ್ ವಾಪಸ್ ಕಳಿಸಿದೆವು. ಹನ್ನೊಂದು ದಿನ ಹೋಯ್ತು. ಅಪ್ಪ ದಿನಾ ಸಂಜೆ ಬಂದು "ಇನ್ನೂ ಆಗಿಲ್ಲವನಾ?" ಅಂತ ಕೇಳಿ ಹೋಗೋರು.

ಲೈನರ್ ಕೂರಿಸಿ, ಡಯಲ್ ಗೇಜಿನಲ್ಲಿ ಎತ್ತರ ನೋಡಿ, ಎರಡನೆಯದಕ್ಕೆ ತೆಳು ಶಿಮ್ ಹಾಕಿ ಸಮ ಮಾಡಿ, ಆಮೇಲೆ ಸಂಪ್ ಮುಚ್ಚೋಕೆ ಮೊದಲು ಬ್ಲಾಕಿಗೆ ನೀರು ತುಂಬಿಸಿ ಒಂದು ರಾತ್ರಿ ಬಿಟ್ಟೆವು. ಕೆಳಗೆ ನ್ಯೂಸ್ ಪೇಪರ್ ಹಾಸಿ. ಬೆಳಿಗ್ಗೆ ಅಪ್ಪ ನನಗಿಂತ ಮೊದಲೇ ಎದ್ದು ಹೋಗಿ ನೋಡಿದ್ದರು. ಪೇಪರ್ ಒಣಗಿಯೇ ಇತ್ತು. ಅವತ್ತಿನಿಂದ ಗುಜರಿಯ ಮಾತು ಬರಲಿಲ್ಲ.

ಹೆಡ್ ಬೋಲ್ಟ್ ಬಿಗಿಯುವಾಗ ಟಾರ್ಕ್ ರೆಂಚ್. ನಡುವಿನಿಂದ ಹೊರಕ್ಕೆ, ಮೂರು ಸುತ್ತಿನಲ್ಲಿ, ಪ್ರತಿ ಸುತ್ತಿಗೂ ಸ್ವಲ್ಪ ಸ್ವಲ್ಪ. ಹಳೇ ಕಾಲದ ಮೇಸ್ತ್ರಿಗಳಿಗೆ ಕೈ ಅಂದಾಜೇ ಸಾಕಲ್ವಾ ಅಂತ ನಾನು ಕೇಳಿದೆ. "ನನ್ನ ಕೈಗೆ ಅರವತ್ತಾಯ್ತು ತಮಾ, ಬೆಳಿಗ್ಗೆ ಒಂದು ಅಂದಾಜು, ಸಂಜೆ ಇನ್ನೊಂದು."

ಡೀಸೆಲ್ ಪಂಪಿನ ಕೆಲಸವನ್ನ ಅವರು ಮುಟ್ಟಲಿಲ್ಲ. ಅದರ ಮೇಲೆ ಮೈಕೋ ಅಂತ ಇದೆ, ಬಾಷ್ ಸಹಯೋಗದಲ್ಲಿ 1951ರಲ್ಲಿ ಶುರುವಾದ ನಮ್ಮ ಬೆಂಗಳೂರು ಆಡುಗೋಡಿಯ ಕಂಪನಿ. ಪಂಪನ್ನ ಟೆಸ್ಟ್ ಬೆಂಚ್ ಇದ್ದಲ್ಲೇ ಸೆಟ್ ಮಾಡಿಸಬೇಕು, ಗೊತ್ತಿಲ್ಲದವರು ಬಿಚ್ಚಬಾರದು ಅಂದರು. ನಲವತ್ತು ವರ್ಷದ ಅನುಭವ ಇದ್ದವರು 'ಇದು ನನ್ನ ಕೆಲಸ ಅಲ್ಲ' ಅಂತ ಹೇಳಿದ್ದನ್ನ ನಾನು ಜಾಸ್ತಿ ಕೇಳಿಲ್ಲ.

ಸ್ಟಾರ್ಟ್ ಮಾಡಿದ್ದು ಒಂದು ಭಾನುವಾರ. ಮೊದಲು ಡೀಸೆಲ್ ಬಂದ್ ಇಟ್ಟು ಸೆಲ್ಫ್ ಮಾತ್ರ ಹೊಡೆಸಿದರು, ಬಿಟ್ಟು ಬಿಟ್ಟು, ಆಯಿಲ್ ಮುಳ್ಳು ಅಲುಗಾಡುವ ತನಕ. ಒಣ ಬೇರಿಂಗಿನ ಮೇಲೆ ಇಂಜಿನ್ ಓಡಬಾರದು. ಮುಳ್ಳು ಎದ್ದಿತು. ಆಮೇಲೆ ಡೀಸೆಲ್ ಬಿಟ್ಟರು.

(ಇಂಜಿನ್ ಸದ್ದು)

ಇದು ಅವತ್ತಿನ ಸದ್ದು. ಕೆಳಗಿನ ಬಡಿತ ಇಲ್ಲ.

ಹೊಸ ಇಂಜಿನ್ನನ್ನ ಸುಮ್ಮನೆ ನಿಲ್ಲಿಸಿ ಗಂಟೆಗಟ್ಟಲೆ ಓಡಿಸೋದು ನಮ್ಮ ಕಡೆ ಪದ್ಧತಿ. ಮೇಸ್ತ್ರಿ ಬೇಡ ಅಂದರು. ಭಾರ ಇಲ್ಲದೆ ಓಡಿಸಿದರೆ ರಿಂಗು ಕೂರಲ್ಲ, ಲೈನರ್ ಕನ್ನಡಿಯ ಹಾಗೆ ನುಣುಪಾಗಿ ಆಮೇಲೆ ಆಯಿಲ್ ಕುಡಿಯೋಕೆ ಶುರುಮಾಡ್ತದೆ. ಹಗುರ ಹೊರೆ ಹಾಕಿ, ನಿಧಾನ ಏರಿಸಿ ಅಂದರು. ಮರುದಿನ ಅರ್ಧ ಟ್ರೇಲರ್ ಗೊಬ್ಬರ ಹಾಕಿ ಅಪ್ಪನೇ ಹೊರಟರು.

ಒಟ್ಟು ಖರ್ಚು ಎಪ್ಪತ್ತೊಂದು ಸಾವಿರ. ಗುಜರಿಯ ನಲವತ್ತೆಂಟು ಬರಲಿಲ್ಲ, ಅದನ್ನೂ ಸೇರಿಸಿದರೆ ಒಂದು ಲಕ್ಷದ ಹತ್ತೊಂಬತ್ತು ಸಾವಿರ. ಬಾಡಿಗೆಯಲ್ಲಿ ಇದು ಎಷ್ಟು ವರ್ಷಕ್ಕೆ ತೀರುತ್ತದೆ ಅಂತ ಎಕ್ಸೆಲ್ ಶೀಟ್ ಮಾಡಿದ್ದೇನೆ, ಅಪ್ಪನಿಗೆ ತೋರಿಸಿಲ್ಲ. ಮೇಸ್ತ್ರಿಯ ಅಳತೆಗಳೆಲ್ಲ ಒಂದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿವೆ: ಯಾವ ಜರ್ನಲ್ ಎಷ್ಟು, ಯಾವ ಲೈನರಿಗೆ ಶಿಮ್, ಹೆಡ್ ಬೋಲ್ಟ್ ಎರಡನೇ ಸಲ ಬಿಗಿದ ತಾರೀಖು. ಅದನ್ನ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಟೂಲ್ ಬಾಕ್ಸಿನಲ್ಲಿ ಇಟ್ಟಿದ್ದೇವೆ. ಕ್ರ್ಯಾಂಕಿನ ಮೇಲೆ ಈಗ 75 ಅಂತ ಪಂಚ್ ಇದೆ, ಪಕ್ಕದಲ್ಲಿ ಹಳೇ 50ರ ಗುರುತು ಹಾಗೇ ಇದೆ. ಐವತ್ತು ಗಂಟೆ ಓಡಿದ ಮೇಲೆ ಮೊದಲ ಆಯಿಲ್ ಬದಲಿಸಬೇಕಿತ್ತು, ಅದೂ ಆಯ್ತು. ರೇಡಿಯೇಟರಿಗೆ ಕೂಲೆಂಟ್ ಹಾಕಿದ್ದೇವೆ. ಬಾವಿ ನೀರಿನ ಕೊಡ ಹಿಡಿದು ಬಂದ ಚಿಕ್ಕಪ್ಪನನ್ನ ಅಪ್ಪ ಕೊಟ್ಟಿಗೆ ಬಾಗಿಲಲ್ಲೇ ತಡೆದರು.

ಇವತ್ತಿಗೆ ಇಷ್ಟು. ನಿಮ್ಮನೆಯಲ್ಲೂ ಹಳೇ ಟ್ರ್ಯಾಕ್ಟರ್, ಟಿಲ್ಲರ್, ಬೋಟಿನ ಇಂಜಿನ್ ಇದ್ದರೆ ಅದರ ಸದ್ದು ರೆಕಾರ್ಡ್ ಮಾಡಿ ಕಳಿಸಿ, ಜೊತೆಗೆ ಅದು ಏನೇನು ಹೊತ್ತಿದೆ ಅಂತ ಒಂದು ವಾಯ್ಸ್ ನೋಟ್. ಮುಂದಿನ ವಾರ ಸಿಗೋಣ.